ಕಲ್ಲಿನ ತೂತಿನ ಲೆಕ್ಕ: ದುರ್ಗಾಪುರದಲ್ಲಿ ಗ್ಯಾಸ್, ನಮ್ಮ ಬೋರಿನಲ್ಲಿ ಧೂಳು

ಶಿಗ್ಗಾವಿಯಿಂದ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ದಾರೆ. "ಬಂಗಾಳದಲ್ಲಿ ಕಲ್ಲಿನೊಳಗೆ ಗ್ಯಾಸ್ ಸಿಕ್ತಂತೆ. ನಮ್ಮ ಹೊಲದಲ್ಲಿ 700 ಅಡಿ ಕೊರೆಸಿದ್ರೂ ಬರೀ ಧೂಳು. ನಮ್ಮ ಕಲ್ಲಿಗೇನಾಗಿದೆ?" ಪ್ರಶ್ನೆ ಚೆನ್ನಾಗಿದೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಕಲ್ಲಿನ ತೂತುಗಳಲ್ಲಿ.

ಮೊದಲು ಮಣ್ಣಿನಿಂದ ಶುರು ಮಾಡೋಣ. ಮಳೆ ಬಿದ್ದ ಮೇಲೆ ಸವಣೂರು ಕಡೆಯ ಎರಿ ಹೊಲದಲ್ಲಿ ನಾಲ್ಕು ದಿನ ಕಾಲಿಡೋಕಾಗಲ್ಲ. ಮಸಾರಿ ಹೊಲದಲ್ಲಿ ಬೇಗ ಕುಂಟೆ ಹೊಡೀಬಹುದು. ನಿಜ ಹೇಳಬೇಕಂದ್ರೆ, ಮರಳಿಗಿಂತ ಜೇಡಿಯಲ್ಲಿ ಖಾಲಿ ಜಾಗ ಹೆಚ್ಚು. ಆದ್ರೆ ಆ ತೂತುಗಳು ತುಂಬ ಸಣ್ಣವು, ನೀರನ್ನು ಹಿಡ್ಕೊಂಡು ಬಿಡೋದೇ ಇಲ್ಲ. ನಾನು ಬಿ.ಕಾಂ ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ: ಎಷ್ಟು ತೂತಿದೆ ಅನ್ನೋದು ಅಕೌಂಟಿನ ಬ್ಯಾಲೆನ್ಸ್. ತೂತಿಗೆ ತೂತು ಕೂಡಿದೆಯಾ ಅನ್ನೋದು ವಿತ್‌ಡ್ರಾ. ಬ್ಯಾಲೆನ್ಸ್ ಇದ್ದು ವಿತ್‌ಡ್ರಾ ಆಗದಿದ್ರೆ ಕೈಗೇನೂ ಬರಲ್ಲ.

ಶೇಲ್ ಅಂದ್ರೆ ಇಂಥ ನುಣುಪು ಕೆಸರೇ ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಕಲ್ಲಾದದ್ದು. ಅದರ ಎಷ್ಟೋ ತೂತುಗಳನ್ನ ನ್ಯಾನೋಮೀಟರ್‌ನಲ್ಲೇ ಅಳೀಬೇಕು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಶೇಲಿನಲ್ಲಿ 2 ನ್ಯಾನೋಮೀಟರ್‌ಗಿಂತ ಸಣ್ಣ ತೂತುಗಳೂ ಇವೆ. ಮೀಥೇನ್ ಕಣದ ಅಗಲ ಸುಮಾರು 0.38 ನ್ಯಾನೋಮೀಟರ್, ಹಾಗಾಗಿ ಗ್ಯಾಸ್ ಅಲ್ಲೂ ಹಿಡಿಸುತ್ತೆ. ಒಂದಿಷ್ಟು ತೂತಿನಲ್ಲಿ ಬಿಡಿಯಾಗಿರುತ್ತೆ, ಇನ್ನೊಂದಿಷ್ಟು ಗೋಡೆಗೆ ಅಂಟಿಕೊಂಡಿರುತ್ತೆ.

ಈ ತೂತುಗಳನ್ನ ಯಾರು ಮಾಡಿದ್ದು? ಮುಖ್ಯವಾಗಿ ಮೂರು ಸಂಗತಿ. ಒಂದು, ಕೆಸರಿನ ಜೊತೆ ಹೂತುಹೋದ ಪಾಚಿ, ಗಿಡಗಳ ಅವಶೇಷ. ಎರಡು, ಭೂಮಿಯೊಳಗಿನ ಕಾವು. ಕಾವಿಗೆ ಆ ಅವಶೇಷ ಗ್ಯಾಸ್ ಆಗಿ ಬದಲಾಗುತ್ತೆ, ಅದು ಇದ್ದ ಜಾಗದಲ್ಲೇ ಸ್ಪಂಜಿನ ಹಾಗೆ ತೂತು ಬೀಳುತ್ತೆ. ಅಮೆರಿಕದ ಬಾರ್ನೆಟ್ ಶೇಲಿನಲ್ಲಿ ಇಂಥ ತೂತುಗಳನ್ನ ರಾಬರ್ಟ್ ಲೌಕ್ಸ್ ತಂಡ 2009ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿತು. ಮೂರು, ಕಲ್ಲಿನ ಖನಿಜ. ಕ್ವಾರ್ಟ್ಜ್ ಗಟ್ಟಿ, ಭಾರಕ್ಕೆ ಬಗ್ಗದೆ ತೂತನ್ನ ಕಾಪಾಡುತ್ತೆ. ಜೇಡಿ ಮೆತ್ತಗೆ, ಒತ್ತಿದ್ರೆ ಮುಚ್ಚಿಕೊಳ್ಳುತ್ತೆ.

ಇಲ್ಲಿ ಕಾವಿನದ್ದೇ ಹದ. ಕಡಿಮೆಯಾದ್ರೆ ಗ್ಯಾಸ್ ಹುಟ್ಟಲ್ಲ. ವಿಪರೀತವಾದ್ರೆ ಗ್ಯಾಸ್ ಹಾರಿಹೋಗಿ, ತೂತು ಮುಚ್ಚಿ, ಉಳಿಯೋದು ಗ್ರಾಫೈಟ್. ದುರ್ಗಾಪುರದ ಹತ್ತಿರದ ಶೇಲಿಗೆ ಈ ಹದ ಸಿಕ್ಕಿತ್ತು. 2011ರ ಜನವರಿಯಲ್ಲಿ ಒಎನ್‌ಜಿಸಿ ಅಲ್ಲಿ ಸುಮಾರು 1,700 ಮೀಟರ್ ಆಳದಲ್ಲಿ ಗ್ಯಾಸ್ ಕಂಡಿತು. ಅಲ್ಲಿನ ಕಲ್ಲಿಗೆ 25 ಕೋಟಿ ವರ್ಷಕ್ಕಿಂತ ಸ್ವಲ್ಪ ಹೆಚ್ಚು ವಯಸ್ಸು.

ಈಗ ನಮ್ಮ ಕಡೆ ಬರೋಣ. ಹಾವೇರಿ ಜಿಲ್ಲೆಯ ಬಹಳಷ್ಟು ಕಲ್ಲು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. ಈ ಧಾರವಾಡ ಅನ್ನೋ ಹೆಸರು ಕೊಟ್ಟದ್ದು 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್. ಇದರಲ್ಲೂ ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು, ಮರಳು ಆಗಿದ್ದದ್ದು ಬೇಕಾದಷ್ಟಿದೆ. ಆದ್ರೆ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು, ಅಂದ್ರೆ ಹತ್ತು ಪಟ್ಟು. ಅಷ್ಟರಲ್ಲಿ ಅದು ಮಡಚಿ, ಬೆಂದು, ಫಿಲೈಟ್, ಶಿಸ್ಟ್ ಆಗಿಬಿಟ್ಟಿದೆ. ಹುಟ್ಟುವಾಗ ಇದ್ದ ತೂತುಗಳೆಲ್ಲ ಹೆಚ್ಚುಕಡಿಮೆ ಬಂದ್. ಗ್ಯಾಸ್ ಇರಲಿ, ನೀರು ನಿಲ್ಲೋಕೂ ಆ ಕಲ್ಲಿನೊಳಗೆ ಜಾಗ ಇಲ್ಲ.

ಹಾಗಾದ್ರೆ ಬೋರಿಗೆ ನೀರು ಎಲ್ಲಿಂದ? ಎರಡು ಕಡೆಯಿಂದ. ಮೇಲಿನ ಶಿಥಿಲವಾದ ಪದರ, ಆಮೇಲೆ ಅದರ ಕೆಳಗಿನ ಬಿರುಕು. ಗ್ಯಾಸ್ ಕಂಪನಿಗಳು ಶೇಲಿನೊಳಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಬಿರುಕು ಮಾಡ್ತಾರೆ, ಅದು ಮತ್ತೆ ಮುಚ್ಚದ ಹಾಗೆ ಮರಳು ತುಂಬ್ತಾರೆ. ನಮ್ಮ ಕಲ್ಲಲ್ಲಿ ಆ ಬಿರುಕನ್ನ ಪ್ರಕೃತಿಯೇ ಮಾಡಿದೆ. ಆದ್ರೆ ಆಳ ಹೋದ ಹಾಗೆ ಮೇಲಿನ ಭಾರಕ್ಕೆ ಬಿರುಕು ಬಿಗಿಯುತ್ತೆ, ಸಂಖ್ಯೆಯೂ ಕಡಿಮೆಯಾಗುತ್ತೆ. ಆಳದಲ್ಲಿ ನೀರು ಸಿಗೋದೇ ಇಲ್ಲ ಅಂತಲ್ಲ, ಸಿಗೋ ಅವಕಾಶ ಇಳಿಯುತ್ತೆ. ಅಡಿಯ ರೇಟು ಮಾತ್ರ ಏರುತ್ತೆ!

ಅದಕ್ಕೇ ಬೋರ್ ಗಾಡಿಯವರು "ಇನ್ನೊಂದು ನೂರು ಅಡಿ ಹೋಗೋಣ ಅಣ್ಣಾ" ಅಂದಾಗ ಮೂರು ಪ್ರಶ್ನೆ ಕೇಳಿ. ಇದುವರೆಗೆ ಎಷ್ಟು ಅಡಿಯಲ್ಲಿ ಬಿರುಕು ಸಿಕ್ತು? ಕಡೆಯ ನೂರು ಅಡಿಯಲ್ಲಿ ಒಂದಾದರೂ ಹಸಿ ಬಂತಾ? ಅಕ್ಕಪಕ್ಕದ ಹೊಲದವರಿಗೆ ಎಷ್ಟು ಆಳದಲ್ಲಿ ನೀರು ಸಿಕ್ಕಿದೆ? ಮೂರಕ್ಕೂ ಒಳ್ಳೆ ಉತ್ತರ ಬರದಿದ್ರೆ, ಮುಂದಿನ ನೂರು ಅಡಿ ಸಾಲ ಮಾಡಿ ಆಡೋ ಜೂಜು. ಗಾಡಿ ಕರೆಸೋ ಮುಂಚೆಯೇ ಭೂವಿಜ್ಞಾನಿಯಿಂದ ಸರ್ವೆ ಮಾಡಿಸಿದ್ರೆ ಇನ್ನೂ ಒಳ್ಳೇದು.

ಇನ್ನೊಂದು ಮಾತು. ಬಿರುಕು ಬರೀ ಪೈಪ್ ಇದ್ದ ಹಾಗೆ, ನೀರು ಮೇಲಿಂದಾನೇ ಬರಬೇಕು. ಹಾನಗಲ್ ತಾಲ್ಲೂಕಿನಲ್ಲಿ ಊರೂರಿಗೂ ಕೆರೆ. ಹಿರೇಕೆರೂರಿನ ಹೆಸರಲ್ಲೇ ಕೆರೆ ಇದೆ. ಕೆರೆ ತಳದಲ್ಲಿ ಹೂಳು ಕೂತ್ರೆ ಅದೇ ಎರಿ ಜೇಡಿಯ ಕಥೆ, ನೀರು ಕೆಳಗಿಳಿಯಲ್ಲ. ಹೂಳೆತ್ತಿದ್ರೆ ಹೊಲಕ್ಕೆ ಗೊಬ್ಬರದಂಥ ಮಣ್ಣು, ಬಿರುಕಿಗೆ ನೀರು. ಬೋರಿಗೆ ಇನ್ನೂ ನೂರು ಅಡಿ ಸೇರಿಸೋದಕ್ಕಿಂತ ನಮ್ಮ ಕಲ್ಲಿಗೆ ಇದೇ ಹೆಚ್ಚು ಹೊಂದುತ್ತೆ.

ನಿಮ್ಮೂರಲ್ಲಿ ಎಷ್ಟು ಅಡಿಗೆ ನೀರು ಸಿಕ್ತು, ಎಷ್ಟಕ್ಕೆ ಬತ್ತಿತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.