ಕಣ್ಣು ತೆರೆದಿದೆ, ಅರಿವು ಎಲ್ಲಿದೆ?

ರಸ್ತೆ ಅಪಘಾತವಾಗಿ ಐದು ತಿಂಗಳು ಕಳೆದರೂ ಇಂಗ್ಲೆಂಡಿನ 23ರ ಯುವತಿಯೊಬ್ಬಳು ಯಾರ ಮಾತಿಗೂ ಸ್ಪಂದಿಸುತ್ತಿರಲಿಲ್ಲ. ಕಣ್ಣು ತೆರೆಯುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಅಷ್ಟೇ. ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಆಕೆಯನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನರಿನೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಚಲನೆಯನ್ನು ಯೋಜಿಸುವ ಮಿದುಳಿನ ಭಾಗ ಚುರುಕಾಯಿತು. ಸ್ವಂತ ಮನೆಯ ಕೋಣೆ ಕೋಣೆಗೂ ಓಡಾಡುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ ಜಾಗಗಳನ್ನು ಗುರುತಿಸುವ ಭಾಗ ಚುರುಕಾಯಿತು. ಆರೋಗ್ಯವಂತರ ಮಿದುಳಿನಲ್ಲಿ ಕಾಣುವುದೂ ಇದೇ. 2006ರಲ್ಲಿ ಈ ವರದಿ ಪ್ರಕಟವಾದ ಮೇಲೆ, ಮಾತಿಗೆ ಸ್ಪಂದಿಸದವರಿಗೆ ಅರಿವೇ ಇಲ್ಲವೆಂದು ಖಚಿತವಾಗಿ ಹೇಳುವುದು ವೈದ್ಯಲೋಕಕ್ಕೆ ಕಷ್ಟವಾಯಿತು.

ಎಚ್ಚರ ಮತ್ತು ಅರಿವು ಒಂದೇ ಅಲ್ಲ. ಎಚ್ಚರವನ್ನು ಕಾಯುವುದು ಮಿದುಳಿನ ಬುಡದಲ್ಲಿರುವ ಕಾಂಡ. ಅರಿವಿಗೆ ಮಿದುಳಿನ ಒಳಭಾಗದ ಥಲಾಮಸ್ ಮತ್ತು ಮಿದುಳಿನ ಹೊರಪದರದ ನಡುವೆ ಸಂಕೇತಗಳು ನಿರಂತರ ಓಡಾಡುತ್ತಿರಬೇಕು. ತೀವ್ರ ಪೆಟ್ಟಿನಲ್ಲಿ ಈ ಸಂಪರ್ಕದ ಎಳೆಗಳು ಹರಿಯುತ್ತವೆ. ಕೋಮಾ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಬದುಕುಳಿದವರು ಕಣ್ಣು ಬಿಡುತ್ತಾರೆ, ಮನೆಯವರಿಗೆ ಜೀವ ಬಂದಂತಾಗುತ್ತದೆ. ಆದರೆ ಕಾಂಡ ಚೇತರಿಸಿಕೊಂಡು ಮೇಲಿನ ಸಂಪರ್ಕ ಕೂಡಿಕೊಳ್ಳದಿದ್ದರೆ ಕಣ್ಣು ತೆರೆದಿದ್ದರೂ ಅರಿವಿನ ಸುಳಿವು ಸಿಗದು.

ಅರಿವು ಮರಳುವುದು ಸಿನಿಮಾದಲ್ಲಿ ತೋರಿಸುವಂತೆ ಒಂದೇ ಕ್ಷಣದಲ್ಲಲ್ಲ. ಸಾಮಾನ್ಯವಾಗಿ ಮೊದಲು ಕಣ್ಣು ಏನನ್ನಾದರೂ ಹಿಂಬಾಲಿಸತೊಡಗುತ್ತದೆ. ಆಮೇಲೆ ಎಂದೋ ಒಮ್ಮೆ, 'ಕೈ ಹಿಡಿ' ಎಂದರೆ ಬೆರಳು ಬಿಗಿಯಾಗುತ್ತದೆ. ಮರುದಿನ ಏನೂ ಇಲ್ಲ. ಈ ಏರಿಳಿತವೇ ತಪ್ಪು ನಿರ್ಣಯಕ್ಕೆ ದಾರಿ. 2009ರ ಒಂದು ಅಧ್ಯಯನದಲ್ಲಿ, ಅರಿವಿಲ್ಲವೆಂದು ವೈದ್ಯತಂಡ ಒಮ್ಮತದಿಂದ ಹೇಳಿದ್ದವರನ್ನು ಕ್ರಮಬದ್ಧ ಮಾಪನದಿಂದ ಮತ್ತೆ ಪರೀಕ್ಷಿಸಿದಾಗ ಶೇ. 41 ಮಂದಿಯಲ್ಲಿ ಅರಿವಿನ ಕುರುಹು ಸಿಕ್ಕಿತು. ಅದಕ್ಕೆ ದುಬಾರಿ ಯಂತ್ರವೇನೂ ಬೇಕಿರಲಿಲ್ಲ. ಕಣ್ಣೆದುರು ಕನ್ನಡಿಯನ್ನು ನಿಧಾನವಾಗಿ ಸರಿಸುವುದು ಇಂಥ ಪರೀಕ್ಷೆಗಳಲ್ಲೊಂದು: ಬೇರೆ ವಸ್ತುವನ್ನು ಹಿಂಬಾಲಿಸದ ಕಣ್ಣು ತನ್ನದೇ ಮುಖವನ್ನು ಹಿಂಬಾಲಿಸುವುದುಂಟು. ತಾಳ್ಮೆಯಿಂದ, ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮತ್ತೆ ನೋಡುವುದನ್ನು ರೋಗಿಯ ಹಕ್ಕೆಂದೇ ನಾನು ಭಾವಿಸುತ್ತೇನೆ.

ಚಿಕಿತ್ಸೆಯ ವಿಷಯದಲ್ಲಿ ಹೇಳಿಕೊಳ್ಳಲು ಹೆಚ್ಚಿಲ್ಲ. ಹಿಂದೆ ಫ್ಲೂಗೆ ಕೊಡುತ್ತಿದ್ದ, ಪಾರ್ಕಿನ್ಸನ್ ರೋಗಕ್ಕೂ ಬಳಸುವ ಅಮಾಂಟಡಿನ್ ಎಂಬ ಮಾತ್ರೆಯನ್ನು 184 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. 2012ರಲ್ಲಿ ಫಲಿತಾಂಶ ಬಂತು. ಔಷಧಿ ಪಡೆದವರ ಚೇತರಿಕೆ ಆ ನಾಲ್ಕು ವಾರ ಉಳಿದವರಿಗಿಂತ ವೇಗವಾಗಿತ್ತು, ನಿಲ್ಲಿಸಿದ ಮೇಲೆ ಆ ವೇಗ ತಗ್ಗಿತು. ಥಲಾಮಸ್‌ಗೆ ತಂತಿ ಇಳಿಸಿ ವಿದ್ಯುತ್ ಪ್ರಚೋದನೆ ಕೊಡುವ ಪ್ರಯತ್ನವೂ ನಡೆದಿದೆ. ಉಸಿರು ನಿಂತು ಆಮ್ಲಜನಕದ ಕೊರತೆಯಿಂದ ಮಿದುಳು ಹಾಳಾಗಿದ್ದರೆ ಚೇತರಿಕೆಯ ಸಾಧ್ಯತೆ ಪೆಟ್ಟು ಬಿದ್ದವರಿಗಿಂತ ಕಡಿಮೆ. ಇದನ್ನು ಮನೆಯವರಿಂದ ಮುಚ್ಚಿಡಬಾರದು. ಹಾಗೆಂದು ಕಾಲದ ಗಡುವು ಹಾಕಿ ಕೈಬಿಡುವಂತೆಯೂ ಇಲ್ಲ. ಪೆಟ್ಟು ಬಿದ್ದು ವರ್ಷವಾದರೆ ಅರಿವಿಲ್ಲದ ಸ್ಥಿತಿ 'ಶಾಶ್ವತ' ಎನ್ನುವ ರೂಢಿಯಿತ್ತು. ಆಮೇಲೂ ಕೆಲವರು ಚೇತರಿಸಿಕೊಂಡದ್ದನ್ನು ಕಂಡು 2018ರ ಅಮೆರಿಕದ ವೈದ್ಯಕೀಯ ಮಾರ್ಗಸೂಚಿ ಆ ಪದವನ್ನೇ ಕೈಬಿಟ್ಟಿತು.

2024ರಲ್ಲಿ ಪ್ರಕಟವಾದ, ಹಲವು ದೇಶಗಳ ದೊಡ್ಡ ಅಧ್ಯಯನವೊಂದರಲ್ಲಿ, ಹೇಳಿದಂತೆ ಮಾಡದ 241 ರೋಗಿಗಳಿದ್ದರು. ಯಂತ್ರದಲ್ಲಿ ನೋಡಿದಾಗ ಅವರಲ್ಲಿ 60 ಮಂದಿಯ ಮಿದುಳು ಮಾತ್ರ ಹೇಳಿದ್ದನ್ನು ಮಾಡುತ್ತಿತ್ತು. ಇದೇ ಅಧ್ಯಯನದ ಇನ್ನೊಂದು ಅಂಶವನ್ನು ಮರೆಯಬಾರದು: ಕೈಯಾಡಿಸಿ ಉತ್ತರಿಸಬಲ್ಲವರಲ್ಲೂ ಬಹುಪಾಲಿನವರ ಮಿದುಳಿನ ಸ್ಪಂದನೆ ಯಂತ್ರಕ್ಕೆ ಸಿಗಲಿಲ್ಲ. ಆದ್ದರಿಂದ ಯಂತ್ರ 'ಇಲ್ಲ' ಎಂದರೆ ಅರಿವಿಲ್ಲ ಎಂದು ತೀರ್ಮಾನಿಸುವಂತಿಲ್ಲ.

ನನಗೆ ಹೆಚ್ಚು ಭರವಸೆ ಕೊಟ್ಟಿರುವುದು ಮೂರ್ಛೆರೋಗದ ಪರೀಕ್ಷೆಗೆ ನಮ್ಮ ಆಸ್ಪತ್ರೆಗಳಲ್ಲೂ ಬಳಸುವ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ. ನ್ಯೂಯಾರ್ಕಿನ ವೈದ್ಯರು ಐಸಿಯುನಲ್ಲಿ ಸ್ಪಂದಿಸದೆ ಮಲಗಿದ್ದ 104 ಮಂದಿಗೆ ಕೈ ಬಿಚ್ಚಿ ಮುಚ್ಚುವಂತೆ ಹೇಳುತ್ತ, ಇಇಜಿ ಅಲೆಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿದರು. 16 ಮಂದಿಯ ಮಿದುಳು ಸ್ಪಂದಿಸಿತ್ತು. ವರ್ಷದ ನಂತರ ದಿನಕ್ಕೆ ಎಂಟು ಗಂಟೆಯಾದರೂ ಯಾರ ನೆರವಿಲ್ಲದೆ ಇರಬಲ್ಲವರು ಅವರಲ್ಲಿ ಶೇ. 44, ಉಳಿದವರಲ್ಲಿ ಶೇ. 14. ಇಇಜಿ ಯಂತ್ರ ಎಷ್ಟೋ ಊರುಗಳನ್ನು ತಲುಪಿದೆ. ಅಲೆಗಳನ್ನು ಹೀಗೆ ಓದುವ ಪರಿಣತಿ ಇನ್ನೂ ಐಸಿಯುಗಳನ್ನು ತಲುಪಬೇಕಿದೆ.