ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಬ್ಬರ ಅನ್ನವನ್ನುಂಡು ಅವರ ಮನೆಯ ಹುಳುಕನ್ನೇ ಹುಡುಕುವುದು ಸಲ್ಲದೆಂದು ಅದರ ತಾತ್ಪರ್ಯ. ಮನೆ ಮನೆಗಳ ನಡುವೆ ಈ ಮಾತು ಒಪ್ಪುವಂಥದೇ. ಆದರೆ ದೇಶ ದೇಶಗಳ ನಡುವೆ? ಅನ್ನ ಕೊಟ್ಟ ದೇಶ ತಪ್ಪು ಮಾಡಿತೆಂದು ಕಂಡಾಗ ಉಂಡ ದೇಶ ಬಾಯಿ ಮುಚ್ಚಿಕೊಂಡು ಕೂರಬೇಕೇ?

ಈ ಪ್ರಶ್ನೆ ನಮ್ಮ ತಲೆಗೆ ಹೊಕ್ಕಿದ್ದು 2025ರಲ್ಲಿ. ಆ ವರ್ಷದ ಆಗಸ್ಟ್ 27ರಿಂದ ಅಮೇರಿಕವು ನಮ್ಮ ದೇಶದ ಅನೇಕ ಸರಕುಗಳ ಮೇಲೆ ನೂರಕ್ಕೆ 50ರಷ್ಟು ಸುಂಕ ಹೇರಿತು. ಅದರಲ್ಲಿ ಅರ್ಧ ಪಾಲು, ನಾವು ರಷ್ಯದ ಎಣ್ಣೆ ಕೊಂಡದ್ದಕ್ಕಾಗಿ. ಅಂಧೇರಿಯ ಸೀಪ್ಝ್‌ನಲ್ಲಿ ಒಡವೆ ಮಾಡಿ ಅಮೇರಿಕಕ್ಕೆ ಕಳಿಸುವ ಕಾರ್ಖಾನೆಗಳಿರುವುದರಿಂದ, ನಮ್ಮ ಲೋಕಲ್ ಗಾಡಿಯ ಡಬ್ಬಿಯಲ್ಲಿ ಕೆಲವು ದಿನ ಇದೇ ಮಾತು. "ಇಂಥದ್ದು ಹಿಂದೆಂದೂ ನಡೆದಿರಲಿಲ್ಲ" ಎಂದು ಒಬ್ಬರು ಉದ್ಗರಿಸಿದರು. ಮನೆಗೆ ಬಂದು ಹೇಳಿದಾಗ, ಎಂಬತ್ತು ದಾಟಿದ ನಮ್ಮ ದೊಡ್ಡಮ್ಮ ನಕ್ಕುಬಿಟ್ಟರು. "ನಡೆದಿರಲಿಲ್ಲವೇ ಮಾರಾಯ? ನಾವು ಮಾಟುಂಗದಲ್ಲಿ ಸಂಸಾರ ಹೂಡಿದಾಗ ಅಮೇರಿಕದವರ ಸಿಟ್ಟು ಸೆಡವೆಲ್ಲ ರೇಶನ್ ಅಂಗಡಿಯಲ್ಲಿ ಗೊತ್ತಾಗುತ್ತಿತ್ತು" ಎಂದರು. ಆ ಮಾತಿನ ಜಾಡು ಹಿಡಿದು ನಾವು ಓದಿ ತಿಳಿದದ್ದನ್ನು ವಾಚಕರ ಮುಂದೆ ಇಡುತ್ತೇವೆ.

ಕಥೆಯ ಆರಂಭದಲ್ಲಿ ನಮ್ಮವರೇ ಒಬ್ಬರಿದ್ದಾರೆ. ಮಂಗಳೂರಿನ ಬೆನಗಲ್ ನರಸಿಂಗರಾಯರು ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. ಅವರ ತಮ್ಮ ರಾಮರಾಯರು ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿದ್ದು ಬಂದು, 1949ರಿಂದ ನಮ್ಮ ಮುಂಬಯಿಯಲ್ಲಿ ರಿಝರ್ವ್ ಬ್ಯಾಂಕಿನ ಗವರ್ನರರಾಗಿದ್ದರು. ಅಣ್ಣನವರು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1950ರ ಜೂನ್ ತಿಂಗಳಲ್ಲಿ ಕೊರಿಯದ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಲಿಯ ಅಧ್ಯಕ್ಷ ಪೀಠದಲ್ಲಿದ್ದವರು ಈ ನರಸಿಂಗರಾಯರೇ. ಉತ್ತರ ಕೊರಿಯದ ದಾಳಿಯನ್ನು ಖಂಡಿಸುವ ಮೊದಲ ನಿರ್ಣಯಕ್ಕೆ ಭಾರತ ಮತ ಕೊಟ್ಟಿತು. ಆದರೆ ಚೀನ ಯುದ್ಧಕ್ಕೆ ಧುಮುಕಿದ ಮೇಲೆ, ಬೆಂಕಿಗೆ ತುಪ್ಪ ಸುರಿಯಬಾರದೆಂದು ಕದನ ನಿಲ್ಲಿಸುವ ಯತ್ನಕ್ಕೆ ಅವರು ಕೈಹಾಕಿದರು. 1951ರ ಫೆಬ್ರುವರಿ 1ರಂದು ಚೀನವನ್ನು ಆಕ್ರಮಣಕಾರನೆಂದು ಸಾರುವ ನಿರ್ಣಯ ಬಂದಾಗ, ಸೋವಿಯೆತ್ ಬಣದ ಹೊರಗಿನ ದೇಶಗಳಲ್ಲಿ ಅದಕ್ಕೆ ವಿರೋಧವಾಗಿ ಮತವಿತ್ತವು ಎರಡೇ: ಭಾರತ ಮತ್ತು ಬರ್ಮಾ.

ಅದೇ ವೇಳೆಗೆ ನಮ್ಮ ಸರಕಾರ ಅಮೇರಿಕದ ಬಳಿ 20 ಲಕ್ಷ ಟನ್ ಧಾನ್ಯ ಬೇಡಿತ್ತು. ಬಿಹಾರ ಮದ್ರಾಸುಗಳಲ್ಲಿ ಕ್ಷಾಮದ ಭೀತಿ. ಇತ್ತ ಹಸಿದವರು ಕಾದರು. ಅತ್ತ ವಾಷಿಂಗ್ಟನ್ನಿನ ಕಾಂಗ್ರೆಸ್ಸಿನಲ್ಲಿ, ನಮ್ಮ ಸೈನಿಕರು ಸಾಯುತ್ತಿರುವಾಗ ಎದುರು ಮತ ಹಾಕಿದವರಿಗೇಕೆ ಗೋಧಿ ಎಂಬ ಗೊಣಗಾಟ. ತಿಂಗಳುಗಟ್ಟಲೆ ಚರ್ಚೆ ಎಳೆದು, ದಾನವೆಂದು ಎಣಿಸಿದ್ದು 19 ಕೋಟಿ ಡಾಲರಿನ ಸಾಲವಾಗಿ ಮಾರ್ಪಟ್ಟು, ಜೂನ್ ತಿಂಗಳಲ್ಲಿ ಟ್ರೂಮನ್ನರ ಅಂಕಿತ ಬಿದ್ದಿತು. ಗೋಧಿಯೇನೋ ಬಂತು. ಜೊತೆಗೆ ಒಂದು ಪಾಠವೂ ಬಂತು.

ಮುಂದೆ 1954ರಲ್ಲಿ ಅಮೇರಿಕ 480ನೆಯ ಸಾರ್ವಜನಿಕ ಕಾನೂನು ಮಾಡಿತು. ಅಲ್ಲಿನ ರೈತರ ಕಣಜಗಳಲ್ಲಿ ಧಾನ್ಯ ಮಿಕ್ಕು ಬಿದ್ದಿತ್ತು. ಇಲ್ಲಿ ಡಾಲರಿಗೆ ಬರ. ಆದ್ದರಿಂದ ಡಾಲರಿನ ಬದಲು ರೂಪಾಯಿ ಕೊಟ್ಟೇ ಗೋಧಿ ಕೊಳ್ಳಬಹುದೆಂಬ ಏರ್ಪಾಡು. ಭಾರತ ಇದಕ್ಕೆ ಸೇರಿದ್ದು 1956ರಲ್ಲಿ. ದೊಡ್ಡ ಒಪ್ಪಂದ ಮಾಡಿದವರು ಮುಂಬಯಿಯ ಮುಖಂಡರೇ ಆದ ಎಸ್. ಕೆ. ಪಾಟೀಲರು. ಕೇಂದ್ರದ ಆಹಾರ ಮಂತ್ರಿಯಾಗಿ ಅವರು 1960ರ ಮೇ 4ರಂದು ವಾಷಿಂಗ್ಟನ್ನಿನಲ್ಲಿ ಐಸೆನ್‌ಹೋವರರ ಜೊತೆ ರುಜು ಹಾಕಿದರು. ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ!

ಹೀಗೆ ಹಡಗು ಹಡಗಾಗಿ ಗೋಧಿ ಬಂದಿತು. ಕುಚ್ಚಲಕ್ಕಿಯ ಗಂಜಿಯುಂಡು ಬೆಳೆದ ನಮ್ಮ ಕರಾವಳಿಯ ಹೆಂಗಸರು ಮುಂಬಯಿಯ ಚಾಳುಗಳಲ್ಲಿ ಚಪಾತಿ ಲಟ್ಟಿಸಲು ಕಲಿತರು. "ಕಾರ್ಡಿನಲ್ಲಿ ಅಕ್ಕಿ ಕಡಿಮೆ, ಗೋಧಿ ಹೆಚ್ಚು. ಆರಿಸಿ, ಒಣಗಿಸಿ, ಗಿರಣಿಗೆ ಹೊತ್ತು ಹಾಕಿದರೂ ಹಿಟ್ಟು ಜಿಗುಟು. ಆದರೂ ಮಕ್ಕಳ ಹೊಟ್ಟೆ ತುಂಬಿತು, ಸುಳ್ಳು ಹೇಳಬಾರದು" ಎನ್ನುತ್ತಾರೆ ದೊಡ್ಡಮ್ಮ. ಊರ ಹೊಲಗಳಲ್ಲಿ ಹಬ್ಬಿದ ಕಾಂಗ್ರೆಸ್ ಗಿಡವೂ ಈ ಗೋಧಿಯ ಜೊತೆಗೇ ಬಂತೆಂದು ಹಳ್ಳಿಗರು ಹೇಳುವುದುಂಟು.

ಪಾಠದ ಎರಡನೆಯ ಅಧ್ಯಾಯ 1965ರಲ್ಲಿ ತೆರೆಯಿತು. ಪಾಕಿಸ್ತಾನದೊಡನೆ ಯುದ್ಧ; ಮಳೆ ಕೈಕೊಟ್ಟಿತು. ಹಿಂದಿನ ವರ್ಷ 8.9 ಕೋಟಿ ಟನ್ ಇದ್ದ ದೇಶದ ಧಾನ್ಯ 7.2 ಕೋಟಿಗೆ ಇಳಿಯಿತು. ಅಧ್ಯಕ್ಷ ಜಾನ್ಸನ್ನರು ದೀರ್ಘಕಾಲದ ಒಪ್ಪಂದ ಬಿಟ್ಟು, ತಿಂಗಳು ಎರಡು ತಿಂಗಳಿಗಾಗುವಷ್ಟು ಮಾತ್ರ ಗೋಧಿ ಬಿಡತೊಡಗಿದರು. ಬೇಸಾಯ ಸುಧಾರಿಸಿಕೊಳ್ಳಿರೆಂಬ ಒತ್ತಾಯ ಒಂದು ಕಡೆ. ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ಭಾರತ ಟೀಕಿಸಿತೆಂಬ ಅಸಮಾಧಾನ ಇನ್ನೊಂದು ಕಡೆ. 1966ರ ಜುಲೈಯಲ್ಲಿ ಇಂದಿರಾ ಗಾಂಧಿಯವರು ಮಾಸ್ಕೋದಲ್ಲಿ ವಿಯೆಟ್ನಾಮಿನ ಬಗ್ಗೆ ಆಡಿದ ಮಾತು ಅವರನ್ನು ಮತ್ತಷ್ಟು ಕೆರಳಿಸಿತು. ಅದಕ್ಕೆ ತುಸು ಮೊದಲು, ಜೂನ್ 6ರಂದು, ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಲಾಗಿತ್ತು. ಆ ಒಂದೇ ವರ್ಷ ಹೊರಗಿನಿಂದ ತಂದ ಧಾನ್ಯ ಸುಮಾರು 1 ಕೋಟಿ ಟನ್. ಹಡಗಿನಿಂದ ನೇರವಾಗಿ ಬಾಯಿಗೆ ಎಂದು ಆ ಕಾಲದವರು ಹೇಳುತ್ತಿದ್ದುದು ಅತಿಶಯವಲ್ಲ.

ಸೋಮವಾರ ರಾತ್ರಿ ಒಪ್ಪೊತ್ತು ಬಿಡಿರೆಂದು ಲಾಲ್ ಬಹಾದುರ ಶಾಸ್ತ್ರಿಗಳು ಕೇಳಿಕೊಂಡದ್ದು 1965ರಲ್ಲೇ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುತ್ತಿರಲಿಲ್ಲವಂತೆ. "ಮಕ್ಕಳಿಗೆ ಮಾತ್ರ ಬೆಳಗಿನ ಗಂಜಿ ಎತ್ತಿಡುತ್ತಿದ್ದೆ. ನಿನ್ನ ದೊಡ್ಡಪ್ಪ ನೀರು ಕುಡಿದು ಮಲಗುತ್ತಿದ್ದರು. ಬೇರೆಯವರ ಕೈ ನೋಡುವುದಕ್ಕಿಂತ ಅದೇ ಲೇಸು ಎನ್ನುತ್ತಿದ್ದರು." ಅದನ್ನು ಕೇಳಿದಾಗ ನಮಗೆ ಕಚೇರಿಯ ನೆನಪಾಯಿತು. ಪಕ್ಕದ ಮೇಜಿನವರಿಂದ ತಿಂಗಳ ಕೊನೆಯಲ್ಲಿ ಕೈಗಡ ಪಡೆದಾಗ, ಅವರು ತಪ್ಪು ಹೇಳಿದರೂ ಹೂಂಗುಟ್ಟುವ ದೌರ್ಬಲ್ಯ ನಮ್ಮಂಥ ಗುಮಾಸ್ತರಿಗೆ ಹೊಸದಲ್ಲ.

ಇಕ್ಕಟ್ಟಿನಿಂದ ಪಾರಾಗುವ ದಾರಿ ಭಾಷಣದಲ್ಲಿರಲಿಲ್ಲ, ಬೀಜದಲ್ಲಿತ್ತು. ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ಅವರು 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡತಳಿಯ ಗೋಧಿಬೀಜ ತರಿಸಿದರು. ಆ ತಳಿಯ ಹಿಂದೆ ದುಡಿದ ನಾರ್ಮನ್ ಬೋರ್ಲಾಗ್ ಅಮೇರಿಕದವರೇ ಎಂಬುದನ್ನು ಮರೆಯಲಾಗದು. ಅದನ್ನು ನಮ್ಮ ನೆಲಕ್ಕೆ ಒಗ್ಗಿಸಿದವರು ಎಂ. ಎಸ್. ಸ್ವಾಮಿನಾಥನ್ ಮೊದಲಾದ ನಮ್ಮ ವಿಜ್ಞಾನಿಗಳು. ಬೆಳೆದವರು ನಮ್ಮ ರೈತರು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಬೆಳೆ 1967-68ರಲ್ಲಿ 1.6 ಕೋಟಿ ದಾಟಿತು. 2023-24ರಲ್ಲಿ ಅದು 11 ಕೋಟಿ ಟನ್ನಿಗೂ ಮಿಕ್ಕಿತ್ತು.

ಕಣಜ ತುಂಬಿದಂತೆ ಮಾತಿಗೂ ಬಲ ಬಂತು. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧದ ವೇಳೆ ಅಮೇರಿಕದ ಏಳನೆಯ ನೌಕಾದಳದ ಎಂಟರ್‌ಪ್ರೈಸ್ ಹಡಗು ಬಂಗಾಳ ಕೊಲ್ಲಿಗೆ ಬಂದರೂ ಭಾರತ ಹೆಜ್ಜೆ ಹಿಂದಿಡಲಿಲ್ಲ. ಐದು ವರ್ಷ ಮುಂಚೆ, ಮುಂದಿನ ಹಡಗಿನ ದಾರಿ ಕಾಯುತ್ತಿದ್ದ ದಿನಗಳಲ್ಲಿ, ಅಷ್ಟು ಧೈರ್ಯ ಇರುತ್ತಿತ್ತೇ? ಗೋಧಿಯ ಬೆಲೆಯಾಗಿ ಕೂಡಿಬಿದ್ದಿದ್ದ ರೂಪಾಯಿಗಳ ಲೆಕ್ಕ 1974ರ ಫೆಬ್ರುವರಿಯಲ್ಲಿ ತೀರಿತು. ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತಕ್ಕೆ ಒಪ್ಪಿಸಿದರು.

1998ರ ಮೇ ತಿಂಗಳಲ್ಲಿ ಪೋಖರಣದ ಅಣುಪರೀಕ್ಷೆಯಾದಾಗ ಅಮೇರಿಕ ಮತ್ತೆ ನಿರ್ಬಂಧ ಹಾಕಿತು. ಆಗ ರಕ್ಷಣಾ ಮಂತ್ರಿ ಯಾರು? ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಗೆ ಬಂದು ಕಾರ್ಮಿಕರನ್ನು ಕಟ್ಟಿ, 1967ರ ಚುನಾವಣೆಯಲ್ಲಿ ಇದೇ ಎಸ್. ಕೆ. ಪಾಟೀಲರನ್ನು ಸೋಲಿಸಿದ ಜಾರ್ಜ್ ಫರ್ನಾಂಡಿಸರು. ಆ ನಿರ್ಬಂಧದಿಂದ ಸರಕಾರಕ್ಕೆ ತೊಡಕಾಯಿತು ನಿಜ. ಆದರೆ ನಮ್ಮ ಅಡಿಗೆಮನೆಯ ಡಬ್ಬಿ ಬರಿದಾಗಲಿಲ್ಲ.

ಹಾಗಾದರೆ ಜಂತೆ ಎಣಿಸಬಹುದೇ? ನಮಗೆ ತೋರುವುದಿಷ್ಟು. ಬೇಕಾದ ಹೊತ್ತಿಗೆ ಬಂದ ಗೋಧಿಯನ್ನು ನೆನೆಯದಿರುವುದು ಕೃತಘ್ನತೆ. ಆದರೆ ಅದು ಬರಿಯ ದಾನವಾಗಿರಲಿಲ್ಲ. ಅವರ ರೈತರಿಗೆ ಗಿರಾಕಿ ಸಿಕ್ಕಿತು, ಅವರ ನೀತಿಗೆ ಒಂದು ಹಗ್ಗ ಸಿಕ್ಕಿತು. ದೊಡ್ಡ ರಾಷ್ಟ್ರಗಳ ಉಪಕಾರಕ್ಕೆ ಇಂಥದೊಂದು ಹಗ್ಗ ಇದ್ದೇ ಇರುತ್ತದೆ. ಅದಕ್ಕೆ ಅಮೇರಿಕವನ್ನು ಬೈದು ಫಲವಿಲ್ಲ. ಹಗ್ಗದ ತುದಿ ನಮ್ಮ ಕೊರಳಿಗೆ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಅಂದು ಗೋಧಿ, 2025ರಲ್ಲಿ ಎಣ್ಣೆ ಮತ್ತು ಮಾರುಕಟ್ಟೆ, ನಾಳೆ ಮತ್ತೇನೋ.

ನಾವು ಇಷ್ಟೆಲ್ಲ ಓದಿ ಹೇಳಿದ್ದನ್ನು ದೊಡ್ಡಮ್ಮ ತಾಳ್ಮೆಯಿಂದ ಕೇಳಿದರು. "ಅದನ್ನೇ ಅಲ್ಲವೇ ನಾನು ಹೇಳುವುದು? ಕಡ ತಂದ ಅಕ್ಕಿಯನ್ನು ಮರೆಯಬೇಡ. ಆದರೆ ಮಳೆಗಾಲಕ್ಕೆ ಮುಂಚೆ ನಿನ್ನ ಡಬ್ಬಿ ನೀನೇ ತುಂಬಿಸಿಕೋ" ಎಂದು ಹೇಳಿ, ಆರಿಸುತ್ತಿದ್ದ ಅಕ್ಕಿಯ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.