ಹಳೆಯ ಜಪಾನಿ ಕಾರಿಗೆ ಬಿಡಿಭಾಗ

ಪ್ರಶ್ನೆ: ಮೂವತ್ತು ವರ್ಷ ಹಳೆಯ ಜಪಾನಿ ಕಾರುಗಳಿಗೆ ಹೊಸ ಬಿಡಿಭಾಗಗಳು ಈಗಲೂ ಸಿಗುತ್ತವೆಯೇ?

ಉತ್ತರ: ಸಿಗುತ್ತವೆ. ಕೆಲವನ್ನು ಕಂಪನಿಗಳೇ ಮತ್ತೆ ತಯಾರಿಸುತ್ತಿವೆ. ನಿಸ್ಸಾನ್ 2017ರಲ್ಲಿ ಆರ್32 ಸ್ಕೈಲೈನ್ ಜಿಟಿ-ಆರ್‌ಗೆ ಈ ಕೆಲಸ ಶುರುಮಾಡಿ, ಆಮೇಲೆ ಆರ್33, ಆರ್34 ಮಾದರಿಗಳಿಗೂ ವಿಸ್ತರಿಸಿತು. ಟೊಯೊಟಾ 2020ರಲ್ಲಿ ಹಳೆಯ ಸುಪ್ರಾದಿಂದ ಆರಂಭಿಸಿತು.

ನಿಜಕ್ಕೂ ಕಾಡುವುದು ರಬ್ಬರು. ಬಾಗಿಲಂಚಿನ ಪಟ್ಟಿ ಒಣಗಿ ಬಿರಿದರೆ ಮಳೆನೀರು ಒಳಗಿಳಿದು ತಗಡಿಗೆ ತುಕ್ಕು ಹಿಡಿಯುತ್ತದೆ. ಎಂಜಿನ್ನಿಗೆ ದುಡ್ಡು ಸುರಿಯುವ ಮುನ್ನ ಅದನ್ನೇ ಕೊಳ್ಳಿ. ಹೊರಗೆ ಒಂದೇ ಥರ ಕಾಣುವ ಕಾರುಗಳಲ್ಲೂ ತಯಾರಾದ ವರ್ಷಕ್ಕೆ ತಕ್ಕಂತೆ ಭಾಗಗಳು ಬೇರೆಯಾಗಿರಬಹುದು. ಆದ್ದರಿಂದ ಚಾಸಿ ಸಂಖ್ಯೆ, ಮಾದರಿ ಸಂಕೇತ ಎರಡನ್ನೂ ಕೊಟ್ಟು, ಬಿಡಿಭಾಗದ ಸಂಖ್ಯೆ ಖಚಿತಪಡಿಸಿಕೊಂಡೇ ತರಿಸಿ. ಹೊಸದು ಕೈಸೇರಿ ಸರಿಯಾಗಿ ಕೂರುವವರೆಗೂ ಹಳೆಯದನ್ನು ಗುಜರಿಗೆ ಹಾಕಬೇಡಿ, ಅಳತೆಗೆ ಬೇಕಾಗುತ್ತದೆ.